ಅರ್ಕಾಟಿ ಸತ್ತಿಲ್ಲ

1834ರಲ್ಲಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾಯಿತು ಅಂತ ಶಾಲೆಯಲ್ಲಿ ಓದುತ್ತೇವೆ. ಅದೇ ವರ್ಷ ನವೆಂಬರಿನಲ್ಲಿ, ಕಲ್ಕತ್ತಾದಿಂದ ಹೊರಟ 36 ಜನ ಕೂಲಿಗಳು ಮಾರಿಷಸ್ಸಿನ ದಂಡೆಗೆ ಇಳಿದರು. ಗುಲಾಮರು ಕೈತಪ್ಪಿದ ಮೇಲೆ ಕಬ್ಬಿನ ತೋಟದ ಧಣಿಗೆ ಅಗ್ಗದ ಆಳು ಬೇಕಿತ್ತು. ಮುಂದೆ 1917ರ ತನಕ ಮಾರಿಷಸ್, ಗಯಾನ, ಟ್ರಿನಿಡಾಡ್, ನಟಾಲ್, ಸುರಿನಾಮ್, ಫಿಜಿ ಅಂತ 12 ಲಕ್ಷಕ್ಕೂ ಹೆಚ್ಚು ಜನ ಕಡಲು ದಾಟಿದರು.

ಇವರನ್ನು ಹಳ್ಳಿಯಿಂದ ಎಬ್ಬಿಸಿಕೊಂಡು ಹೋದವನು ಬಿಳಿಯನಲ್ಲ. ಅವರ ಭಾಷೆ ಆಡುವವನು, ಅವರ ಸಂತೆಗೇ ಬರುವವನು. ಉತ್ತರದಲ್ಲಿ ಅವನನ್ನು ಅರ್ಕಾಟಿ ಅಂದರು. ತಮಿಳು ಚೇರಿಗಳಿಂದ ಸಿಲೋನಿನ, ಮಲಯಾದ ತೋಟಗಳಿಗೆ ಆಳು ಒಯ್ದವನು ಕಂಗಾಣಿ. ನಮ್ಮ ಮಲೆನಾಡು, ಕೊಡಗಿನ ಕಾಫಿ ತೋಟಕ್ಕೆ ಮುಂಗಡ ಕೊಟ್ಟು ಆಳು ತಂದವನು ಮೇಸ್ತ್ರಿ. ಹೆಸರು ಬೇರೆ, ಕಸುಬು ಒಂದೇ. ಆಳು ಕೊಟ್ಟರೆ ಕಮಿಷನ್.

ಅರ್ಕಾಟಿ ಎಲ್ಲಿ ಬಲೆ ಹಾಕುತ್ತಿದ್ದ? ಬರ ಬಿದ್ದ ಊರಲ್ಲಿ, ಜಾತ್ರೆಯಲ್ಲಿ, ರೈಲು ನಿಲ್ದಾಣದಲ್ಲಿ, ಮನೆಬಿಟ್ಟು ಬಂದ ಹೆಂಗಸು ಅಳುತ್ತಾ ಕೂತಲ್ಲಿ. 100 ಗಂಡಸರಿಗೆ 40 ಹೆಂಗಸರು ಹಡಗು ಹತ್ತಲೇಬೇಕೆಂಬ ನಿಯಮ ಬಂದ ಮೇಲೆ ಒಂಟಿ ಹೆಂಗಸರ ಬೇಟೆ ಜೋರಾಯಿತು. ಸುರಿನಾಮನ್ನು 'ಶ್ರೀರಾಮ ದೇಶ' ಅಂತ ತಿರುಚಿ, ದೇವರ ಹೆಸರಲ್ಲಿ ಬಡವರನ್ನು ಡಚ್ಚರ ತೋಟಕ್ಕೆ ಸಾಗಿಸಿದರು.

ಕಾನೂನು ಇರಲಿಲ್ಲವೆ? 1837ರಿಂದಲೇ ಇತ್ತು. ಕೂಲಿಯನ್ನು ಅಧಿಕಾರಿಯ ಮುಂದೆ ನಿಲ್ಲಿಸಿ ಒಪ್ಪಂದದ ಕಾಗದ ತೋರಿಸಬೇಕಿತ್ತು. ಆ ಒಪ್ಪಿಗೆಯ ಚಂದವನ್ನು 1893ರಲ್ಲಿ ಫಿಜಿಗೆ ಹೋದ ತೋತಾರಾಮ್ ಸನಾಢ್ಯ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ಏನು ಕೇಳಿದರೂ ಹೂಂ ಅನ್ನಿ, ಇಲ್ಲ ಅಂದರೆ ಜೈಲು ಅಂತ ಅರ್ಕಾಟಿ ಮೊದಲೇ ಹೆದರಿಸಿದ್ದ. ಮ್ಯಾಜಿಸ್ಟ್ರೇಟ್ ಸಾಹೇಬ 20 ನಿಮಿಷದಲ್ಲಿ 165 ಜನರನ್ನು ಮುಗಿಸಿ ಎದ್ದ. ಕಾಗದ ಐದು ವರ್ಷದ್ದು. 'ಅಗ್ರಿಮೆಂಟ್' ಅನ್ನೋದು ಕೂಲಿಯ ಬಾಯಲ್ಲಿ 'ಗಿರ್ಮಿಟ್' ಆಯಿತು. ಕೆಲಸ ತಪ್ಪಿದರೆ ಕೋರ್ಟು, ದಂಡ, ಜೈಲು.

ಇದನ್ನು ಮುರಿದವರು ಯಾರು? ಗೋಖಲೆ, ಗಾಂಧಿ ಹೆಸರು ಬರುತ್ತೆ, ಬರಲಿ. ಆದರೆ ಗೋರಖಪುರದ ಕಡೆಯ ಕುಂತಿಯನ್ನು ನಾವು ಮರೆಯಕೂಡದು. ಚಮಾರರ ಹೆಣ್ಣುಮಗಳು, ನಮ್ಮ ಕಡೆ ಮಾದಿಗರು ಅನ್ನೋ ಹಾಗೆ. 1913ರಲ್ಲಿ ಫಿಜಿಯ ಬಾಳೆತೋಟದಲ್ಲಿ ಓವರ್‌ಸೀಯರ್ ಮೈಮೇಲೆ ಬಂದಾಗ ಕೊಸರಿಕೊಂಡು ಓಡಿ ನದಿಗೆ ಹಾರಿದಳು. ದೋಣಿಯಲ್ಲಿದ್ದ ಹುಡುಗನೊಬ್ಬ ಉಳಿಸಿದ. ಮಾನ ಹೋದೀತು ಅಂತ ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ. 1914ರಲ್ಲಿ ಕಲ್ಕತ್ತಾದ 'ಭಾರತ ಮಿತ್ರ' ಪತ್ರಿಕೆಯಲ್ಲಿ ಅವಳ ಮಾತು ಅಚ್ಚಾಯಿತು. ಸುಳ್ಳು ಅಂತ ಸಾಧಿಸಲು ಫಿಜಿ ಸರ್ಕಾರ ಹೆಣಗಿತು. ಆದರೆ ಇಲ್ಲಿ ಜನ ಕುದಿಯುತ್ತಿದ್ದರು. ಅರ್ಕಾಟಿಗಳನ್ನು ನಂಬಬೇಡಿ ಅಂತ ಹಳ್ಳಿಗಳಲ್ಲಿ ಕರಪತ್ರ ಹಂಚಿದರು. 1917ರಲ್ಲಿ ಭರ್ತಿ ನಿಂತಿತು. 1920ರ ಜನವರಿ 1ಕ್ಕೆ ಫಿಜಿಯಲ್ಲಿ ಉಳಿದಿದ್ದ ಗಿರ್ಮಿಟ್‌ಗಳೂ ರದ್ದಾದವು. 80 ವರ್ಷ ಕಾಗದದ ಕಾನೂನಿನಿಂದ ಆಗದ್ದು, ಮೋಸಹೋದವರು ಬಾಯಿಬಿಟ್ಟಾಗ ಆಯಿತು.

ಗೆಳೆಯರೆ, ಅರ್ಕಾಟಿ ಸತ್ತಿಲ್ಲ. ಈಗ ಫೋನಿನೊಳಗಿಂದ ಮಾತಾಡುತ್ತಾನೆ. ಸೆಕ್ಯೂರಿಟಿ ಕೆಲಸ ಅಂತ ನಂಬಿಸಿ ಕಲಬುರಗಿ ಜಿಲ್ಲೆಯ ಹುಡುಗರನ್ನು ರಷ್ಯಾಕ್ಕೆ ಒಯ್ದು ಯುದ್ಧದ ಬಾಯಿಗೆ ತಳ್ಳಿದ್ದು 2024ರಲ್ಲಿ ಬಯಲಾಯಿತು. ಕಂಪ್ಯೂಟರ್ ಕೆಲಸ ಅಂತ ಮ್ಯಾನ್ಮಾರಿಗೆ ಸಾಗಿಸಿ, ಕೂಡಿಹಾಕಿ, ಬೇರೆಯವರಿಗೆ ಮೋಸಮಾಡುವ ಕೆಲಸಕ್ಕೆ ಹಚ್ಚಿದ್ದವರಲ್ಲಿ 549 ಭಾರತೀಯರನ್ನು 2025ರ ಮಾರ್ಚಿನಲ್ಲಿ ವಿಮಾನದಲ್ಲಿ ವಾಪಸ್ಸು ಕರೆತಂದರು.

ಅವನ ಮಾತಿನ ವರಸೆ ಮಾತ್ರ ಹಳೇದೇ. ಇವತ್ತೇ ಹೂಂ ಅನ್ನು. ಊರಲ್ಲಿ ಯಾರಿಗೂ ಹೇಳಬೇಡ. ದುಡ್ಡು ಮೊದಲು, ಕಾಗದ ಆಮೇಲೆ. ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಸರಿಮಾಡೋಣ. ಪಾಸ್‌ಪೋರ್ಟ್ ನನ್ನ ಹತ್ರ ಇರಲಿ. ಇದರಲ್ಲಿ ಒಂದು ಮಾತು ಕಿವಿಗೆ ಬಿದ್ದರೂ ಅಲ್ಲೇ ನಿಲ್ಲಿ. ವಿದೇಶಕ್ಕೆ ಆಳು ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು ಅಂತ 1983ರ ವಲಸೆ ಕಾಯ್ದೆ ಹೇಳಿತು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಅವನ ಹೆಸರು ಉಂಟೋ ಇಲ್ಲವೋ ಹುಡುಕಿ. ಅವ್ವನ ಓಲೆ ಅಡವಿಡುವ ಮೊದಲು ಹುಡುಕಿ.

ಮೊದಲ ಸಲ ಡಿಗ್ರಿ ಕಂಡ ನಮ್ಮ ಕೇರಿಯ ಮನೆಗಳಲ್ಲಿ ಆಸೆ ದೊಡ್ಡದು, ನಾಚಿಕೆ ಇನ್ನೂ ದೊಡ್ಡದು. ಮೋಸಹೋಗಿ ಬಂದ ಹುಡುಗ ಓದಿಯೂ ದಡ್ಡನಾದೆ ಅಂತ ತಲೆ ತಗ್ಗಿಸುತ್ತಾನೆ. ಅವನ ಮೌನವೇ ಏಜೆಂಟನ ಬಂಡವಾಳ. ಆ ಮೌನದ ಮರೆಯಲ್ಲೇ ಅವನು ಪಕ್ಕದ ಕೇರಿಗೆ ಹೋಗುತ್ತಾನೆ. ಮೇಷ್ಟ್ರೆ, ಸಂಘದ ಗೆಳೆಯರೆ, ವಾಪಸ್ಸು ಬಂದವನನ್ನು ನೋಡಿ ನಗಬೇಡಿ. ಜಗಲಿಯ ಮೇಲೆ ಕೂರಿಸಿ, ನಾಲ್ಕು ಜನರ ಮುಂದೆ ಮಾತಾಡಿಸಿ. ಕಂಪ್ಲೇಂಟ್ ಬರೆಯೋಕೆ ಜೊತೆಗೆ ಹೋಗಿ. ಕುಂತಿ ಒಬ್ಬಳೇ ಬಾಯಿಬಿಟ್ಟಳು. ನಾವು ಊರಿಗೆ ಊರೇ ಇದ್ದೇವೆ.