ಅದಮಾರಿನವರು ಕಂಡ ಸೂರ್ಯನ ಗಾಳಿ

ಮೊನ್ನೆ ಊರಿಗೆ ಹೋಗಿದ್ದೆ. ಎರ್ಮಾಳಿನ ಕಡಲ ಬದಿಯಲ್ಲಿ ಕೂತಿದ್ದಾಗ ಅಕ್ಕನ ಮಗ ಕೇಳಿದ, "ಮಾಮ, ಭೂಮಿಯ ಸುತ್ತ ತಿರುಗುವ ಕಣಗಳಿಗೆ ಅಷ್ಟೊಂದು ವೇಗ ಎಲ್ಲಿಂದ ಬರ್ತದೆ?" ನಾನು ಯೋಚಿಸದೆ, "ಭೂಮಿಯ ಅಯಸ್ಕಾಂತ ಕೊಡ್ತದೆ" ಅಂದುಬಿಟ್ಟೆ. ರಾತ್ರಿ ಮಲಗಿದಾಗ ಹೊಳೆಯಿತು, ಹೇಳಿದ್ದು ತಪ್ಪು ಅಂತ.

ಕಣಗಳು ಅಲ್ಲಿವೆ ಅಂತ ಗೊತ್ತಾದದ್ದು 1958ರಲ್ಲಿ. ಎಕ್ಸ್‌ಪ್ಲೋರರ್-1ರಲ್ಲಿದ್ದ ಗೈಗರ್ ಕೌಂಟರಿನಿಂದ ಜೇಮ್ಸ್ ವ್ಯಾನ್ ಅಲೆನ್ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಯನ್ನು ಪತ್ತೆ ಮಾಡಿದರು. ಆದರೆ ಸ್ಥಿರವಾಗಿರುವ ಕಾಂತಕ್ಷೇತ್ರ ಕಣದ ದಾರಿಯನ್ನು ಬಾಗಿಸುತ್ತದೆ ಅಷ್ಟೆ, ವೇಗ ಹೆಚ್ಚಿಸುವುದಿಲ್ಲ. ಉಯ್ಯಾಲೆಯ ಹಗ್ಗ ನೆನಪಿಸಿಕೊಳ್ಳಿ. ಹಗ್ಗ ನಮ್ಮನ್ನು ಹಿಡಿದಿಡುತ್ತದೆ, ಜೀಕುವುದಕ್ಕೆ ದೂಡುವ ಕೈ ಬೇರೆ ಬೇಕು.

ಆ ಕೈ ಯಾವುದು? ಇಲ್ಲೇ ಎರ್ಮಾಳಿನ ಪಕ್ಕದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಈ ಕಥೆಗೆ ಬರುತ್ತಾರೆ. ನಮಗೆಲ್ಲ ಅವರು 1975ರ ಆರ್ಯಭಟದ ರಾವ್. ಅದಕ್ಕೂ ಮೊದಲು, ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿದ್ದ ಅವರು ಅಮೆರಿಕಕ್ಕೆ ಹೋಗಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್-2ರ ಅಳತೆಗಳನ್ನು ಹಿಡಿದು ಸ್ನೈಡರ್, ನ್ಯೂಗೆಬಾವರ್ ಜೊತೆ ಅವರು 1963ರಲ್ಲಿ ಒಂದು ಪ್ರಬಂಧ ಬರೆದರು. ಸೂರ್ಯನಿಂದ ಸೆಕೆಂಡಿಗೆ ಸರಾಸರಿ ಸುಮಾರು 500 ಕಿ.ಮೀ. ವೇಗದ ಗಾಳಿ ನಿಲ್ಲದೆ ಬೀಸುತ್ತದೆ. ಅದರ ವೇಗ ಏರಿದಾಗ ಭೂಮಿಯ ಕಾಂತಕ್ಷೇತ್ರವೂ ಹೆಚ್ಚು ಕದಡುತ್ತದೆ!

ಕದಡಿದ ಕಾಂತಕ್ಷೇತ್ರ ಬದಲಾಗುತ್ತಿರುತ್ತದೆ. ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ದೂಡುವ ಕೈ ಅದೇ. ಹೊರಗಿನ ಕಣಗಳು ಒಳಗೆ, ಬಲವಾದ ಕ್ಷೇತ್ರದತ್ತ ಸರಿದಾಗ ಅವುಗಳ ಶಕ್ತಿ ಹೆಚ್ಚುತ್ತದೆ. ಇನ್ನೊಂದು ದಾರಿಯೂ ಇದೆ. ಪಟ್ಟಿಯೊಳಗೇ ಏಳುವ ಕೆಲವು ಅಲೆಗಳು ಇಲೆಕ್ಟ್ರಾನಿನ ಸುತ್ತಾಟಕ್ಕೆ ತಾಳ ಹೊಂದಿಸಿ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ದೂಡಿದ ಹಾಗೆ, ಮತ್ತೆ ಮತ್ತೆ ದೂಡುತ್ತವೆ. 2012ರಲ್ಲಿ ಹಾರಿದ ವ್ಯಾನ್ ಅಲೆನ್ ಜೋಡಿ ನೌಕೆಗಳು ಇದಕ್ಕೆ ಗಟ್ಟಿ ಸಾಕ್ಷಿ ಕೊಟ್ಟವು. ಈ ಇಲೆಕ್ಟ್ರಾನುಗಳು ಉಪಗ್ರಹಗಳ ಒಳಗಿನ ಸರ್ಕೀಟುಗಳನ್ನೇ ಕೆಡಿಸಬಲ್ಲವು. ಉಪಗ್ರಹ ಕಟ್ಟುವವರಿಗೆ ಇದು ಬರೀ ಪುಸ್ತಕದ ಮಾತಲ್ಲ.

ರಾವ್ 2017ರಲ್ಲಿ ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು. ಸೂರ್ಯನನ್ನು ನೋಡಲು 2023ರಲ್ಲಿ ಹೊರಟ ಆದಿತ್ಯ-ಎಲ್1 ಸಿದ್ಧವಾದದ್ದೂ ಅಲ್ಲೇ.

ಬೆಳಿಗ್ಗೆ ಅಳಿಯನನ್ನು ಎಬ್ಬಿಸಿ, "ನಿನ್ನೆ ನಾನು ಹೇಳಿದ್ದು ತಪ್ಪು ಮಾರಾಯ" ಅಂದೆ. ಉಯ್ಯಾಲೆಯ ಕಥೆ ಕೇಳಿದವನು, "ಅದಮಾರು ಅಂದ್ರೆ ನಮ್ಮ ಬಸ್ಸು ಹೋಗುವ ಅದಮಾರಾ?" ಅಂತ ಕಣ್ಣರಳಿಸಿದ.

ಹೌದು, ಅದೇ ಅದಮಾರು.