ಮೂರು ಬಂಡೆ, ಒಂದು ಶಾಸನ

ಬಿ.ಜಿ. ಕೆರೆ ಇರುವ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ, ಒಂದೇ ರಾಜಾಜ್ಞೆಯನ್ನು ಮೂರು ಬಂಡೆಗಳ ಮೇಲೆ ಕೆತ್ತಲಾಗಿದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಈ ಅಶೋಕ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಇವನ್ನು ಬರೆಸಿದ್ದು ಧರ್ಮದ ಮಾತು ಜನರಿಗೆ ಮುಟ್ಟಲೆಂದು. ಒಂದು ಅಳಿದರೆ ಇನ್ನೊಂದು ಇರಲಿ ಎಂಬ ಮುಂದಾಲೋಚನೆ ಅದರಲ್ಲಿತ್ತೆಂದು ಹೇಳಲಾಗದು. ಆದರೆ ಎರಡು ಸಾವಿರ ವರ್ಷಗಳ ಮೇಲೆ ಉಪಕಾರವಾದದ್ದು ಆ ಬಗೆಯಲ್ಲೇ.

ಬ್ರಹ್ಮಗಿರಿಯ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. ಓದಲು ಬಾರದಿದ್ದರೂ ಅಲ್ಲಿರುವುದು ಅಕ್ಷರವೆಂಬುದು ಅವರಿಗೆ ತಿಳಿದಿತ್ತು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರಂತೆ. ಅಲ್ಲಿನ ಸಾಲುಗಳು ಬಹುಮಟ್ಟಿಗೆ ಸವೆದಿವೆ. ಆದರೂ ಏನಿತ್ತೆಂದು ನಾವು ಬಲ್ಲೆವು, ಏಕೆಂದರೆ ಬ್ರಹ್ಮಗಿರಿಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ವಿದ್ವಾಂಸರು ಅಳಿದ ಪದಗಳನ್ನು ತುಂಬಿದ್ದಾರೆ. ಈ ಮೂರರಲ್ಲೂ ಅರಸನ ಬಿರುದು ಉಂಟು, ಹೆಸರಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಇನ್ನೊಂದು ಪ್ರತಿಯಲ್ಲಿ ಅಶೋಕನ ಹೆಸರು ಕಂಡು ಊಹೆ ಖಚಿತವಾಯಿತು.

ಕಂಪ್ಯೂಟರ್ ಬಳಸುವವರು ಬ್ಯಾಕಪ್ ಎನ್ನುವುದು ಇದನ್ನೇ. 1979ರ ಯುನಿಕ್ಸ್ ಆವೃತ್ತಿಯಲ್ಲಿ ಬಂದು ಇಂದಿಗೂ ಲಿನಕ್ಸ್‌ನಲ್ಲಿರುವ 'ಟಾರ್' ಎಂಬ ಆದೇಶದ ಹೆಸರು 'ಟೇಪ್ ಆರ್ಕೈವ್' ಎಂಬುದರ ಮೊಟಕು. ಆಗ ಯಂತ್ರದ ಬಳಿಯಲ್ಲೇ ಟೇಪು. ಯಂತ್ರಗಳು ಜಾಲದಲ್ಲಿ ಕೂಡಿಕೊಂಡ ಮೇಲೆ, ಒಂದೇ ಸರ್ವರ್ ಎಲ್ಲವುಗಳಿಂದ ಪ್ರತಿ ತರಿಸಿಕೊಳ್ಳುವ ವ್ಯವಸ್ಥೆ ಬೇಕಾಯಿತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 'ಅಮಾಂಡಾ' ಹುಟ್ಟಿತು. 2000ದಲ್ಲಿ ಕೆರ್ನ್ ಸಿಬಾಲ್ಡ್ 'ಬಾಕುಲಾ'ವನ್ನು ಆರಂಭಿಸಿದರು. ಇವುಗಳಲ್ಲಿ ಪ್ರತಿ ಯಂತ್ರದೊಳಗೂ ಕುಳಿತು, ಕೇಳಿದಾಗ ಕಡತಗಳನ್ನು ಕಳುಹಿಸುವ ಪುಟ್ಟ ಪ್ರೋಗ್ರಾಮೇ ಕ್ಲೈಂಟ್.

ನಮ್ಮ ಶಾಸನದಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಮೊದಲು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ಆಜ್ಞೆಯನ್ನು ತಿಳಿಸುತ್ತಾರೆ. ಬಾಕುಲಾದಲ್ಲೂ ಹಾಗೆಯೇ: 'ಡೈರೆಕ್ಟರ್' ಎಂಬ ಯಜಮಾನ ಪ್ರೋಗ್ರಾಮು ಕ್ಲೈಂಟನ್ನು ಮೊದಲು ಮಾತನಾಡಿಸುತ್ತದೆ. ಉತ್ತರ ಬಾರದಿದ್ದರೆ ಕ್ಲೈಂಟ್ ನಿಂತಿರಬಹುದು, ಅದು ಕಿವಿಗೊಡುವ 9102 ಎಂಬ ಬಾಗಿಲನ್ನು ಫೈರ್‌ವಾಲ್ ಮುಚ್ಚಿರಬಹುದು, ಗುಪ್ತಪದ ಎರಡೂ ಕಡೆ ಒಂದೇ ಆಗಿಲ್ಲದಿರಬಹುದು. ಇವು ಬೇಗ ಪತ್ತೆಯಾಗುವ ದೋಷಗಳು.

ಯಜಮಾನನಿಗೆ ಉತ್ತರ ಬಂದ ಮೇಲೂ ಕೆಲಸ ಮುಂದೆ ಸಾಗದಿರುವುದು ಹೆಚ್ಚು ಕಾಡುತ್ತದೆ. ಕಾರಣ, ಇಲ್ಲಿರುವುದು ಇಬ್ಬರಲ್ಲ, ಮೂವರು. ಆಜ್ಞೆ ಪಡೆದ ಕ್ಲೈಂಟು ಉಗ್ರಾಣದ ಪ್ರೋಗ್ರಾಮನ್ನು ತಾನೇ ಹುಡುಕಿಕೊಂಡು 9103ನೆಯ ಬಾಗಿಲಿಗೆ ಹೋಗಬೇಕು. ಉಗ್ರಾಣದ ವಿಳಾಸವನ್ನು 'ಲೋಕಲ್‌ಹೋಸ್ಟ್' ಎಂದು ಬರೆದಿಟ್ಟಿದ್ದರೆ ಕೆಟ್ಟಿತು. ಆ ಪದಕ್ಕೆ ಪ್ರತಿ ಯಂತ್ರದಲ್ಲೂ 'ನಾನೇ' ಎಂದು ಅರ್ಥ. 'ನಮ್ಮ ಮನೆಗೆ ತಂದಿಡು' ಎಂದರೆ ಕೇಳಿದವನು ತನ್ನ ಮನೆಗೇ ಒಯ್ದಂತೆ, ಕ್ಲೈಂಟು ತನ್ನೊಳಗೇ ಉಗ್ರಾಣ ಹುಡುಕಿ ಸೋಲುತ್ತದೆ. ಇತರ ಯಂತ್ರಗಳಿಂದಲೂ ತಲುಪಬಹುದಾದ ನಿಜವಾದ ಹೆಸರನ್ನು ಬರೆದರೆ ಸರಿಹೋಗುತ್ತದೆ.

ಇದಕ್ಕಿಂತ ಅಪಾಯದ್ದು ಸದ್ದಿಲ್ಲದ ದೋಷ. ಬಾಕುಲಾ ವರದಿಯ ಕೊನೆಯಲ್ಲಿ 'ಬ್ಯಾಕಪ್ ಓಕೆ, ವಿತ್ ವಾರ್ನಿಂಗ್ಸ್' ಎಂದು ಬರುವುದುಂಟು. ಜನ 'ಓಕೆ'ಯನ್ನು ಓದಿ ಎದ್ದುಬಿಡುತ್ತಾರೆ! ಓದಲು ಅನುಮತಿ ಸಿಗದೆ ಬಿಟ್ಟ ಕಡತಗಳು ಆ ಎಚ್ಚರಿಕೆಯಲ್ಲಿರುತ್ತವೆ. ಎಚ್ಚರಿಕೆಯೂ ಬಾರದ ಸಂದರ್ಭವೊಂದಿದೆ: ಲೆಕ್ಕಪತ್ರದ ಡೇಟಾಬೇಸ್ ನಡೆಯುತ್ತಿರುವಾಗಲೇ ಅದರ ಕಡತಗಳನ್ನು ನಕಲು ಮಾಡಿದರೆ, ಅರ್ಧ ಹಳತು ಅರ್ಧ ಹೊಸತಾದ ಪ್ರತಿ ಬಂದು ಕೂರುತ್ತದೆ. ಗಾತ್ರ ಸರಿ, ದಿನಾಂಕ ಸರಿ, ತೆರೆದರೆ ಮಾತ್ರ ಪ್ರಯೋಜನವಿಲ್ಲ. ಮೊದಲು ಡೇಟಾಬೇಸ್ ತಾನೇ ತನ್ನ 'ಡಂಪ್' ಕಡತವನ್ನು ಬರೆದುಕೊಡುವಂತೆ ಮಾಡಿ, ಅದನ್ನು ಕ್ಲೈಂಟಿಗೆ ಒಪ್ಪಿಸಬೇಕು.

ಪರೀಕ್ಷೆ ಒಂದೇ, ಶಾಸನತಜ್ಞರು ಮಾಡಿದ್ದು: ಪ್ರತಿಯನ್ನು ಮೂಲದ ಪಕ್ಕದಲ್ಲಿಟ್ಟು ಓದುವುದು. ತಿಂಗಳಿಗೊಮ್ಮೆ ಕೆಲವು ಕಡತಗಳನ್ನು ಬೇರೊಂದು ಕೋಶಕ್ಕೆ ಮರಳಿ ತರಿಸಿ ತೆರೆದು ನೋಡಬೇಕು, ಮೂಲವಿನ್ನೂ ಬಳೆಗಾರರ ಗುಂಡಿನಂತೆ ಸವೆಯದಿರುವಾಗಲೇ.