ಹಸ್ತಾಕ್ಷರ ಸಂಗ್ರಹವೆಂಬ ಆಕರ: ರುದ್ರಪಟ್ಟಣದ ಸಹಿಗಳನ್ನು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ, ಕಾವೇರಿ ದಡದ ರುದ್ರಪಟ್ಟಣವು ಸಂಗೀತಗಾರರ ಊರೆಂದು ಹೆಸರಾದದ್ದು. ಈ ಊರ ಮೂಲದ ಕಲಾವಿದರ, ವಿದ್ವಾಂಸರ ಸಹಿಗಳು ಹವ್ಯಾಸಿಗಳ ಆಟೋಗ್ರಾಫ್ ಪುಸ್ತಕಗಳಲ್ಲಿ, ಕಛೇರಿಯ ಆಹ್ವಾನಪತ್ರಗಳಲ್ಲಿ, ಗ್ರಂಥಗಳ ಒಳಪುಟಗಳಲ್ಲಿ, ಅಂಚೆ ಕಾರ್ಡುಗಳಲ್ಲಿ ದೊರೆಯಬಹುದು. ಅಂಥ ಸಹಿಯೊಂದರಿಂದ ವ್ಯಕ್ತಿ, ಕಾಲ, ಸಂದರ್ಭ ಈ ಮೂರನ್ನು ಎಷ್ಟರ ಮಟ್ಟಿಗೆ ಗುರುತಿಸಬಹುದು ಎಂಬುದಷ್ಟೇ ಇಲ್ಲಿನ ಪರಿಶೀಲನೆ.

2. ಇನಿಷಿಯಲ್‌ಗಳ ತೊಡಕು

ಇಲ್ಲಿನ ಹೆಸರುಗಳಲ್ಲಿ ಮೊದಲ ಇನಿಷಿಯಲ್ ಸಾಮಾನ್ಯವಾಗಿ ಊರಿನದು, ಎರಡನೆಯದು ತಂದೆಯದು. ಗಾಯಕ ಆರ್.ಕೆ. ಶ್ರೀಕಂಠನ್ (1920–2014) ಅವರ ತಂದೆ ಕೃಷ್ಣಶಾಸ್ತ್ರಿ. ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮ ಶಾಸ್ತ್ರಿ ಶ್ರೀಕಂಠನ್ ಅವರ ಅಣ್ಣ. ಅವರದೂ ಅದೇ ಇನಿಷಿಯಲ್. ಮುಂದಿನ ತಲೆಮಾರಿನ ಆರ್.ಕೆ. ಪದ್ಮನಾಭ ಅವರಲ್ಲೂ ಇದೇ ಜೋಡಿ ಕಾಣುತ್ತದೆ. ಆದ್ದರಿಂದ ಹೆಸರಿನ ಉಳಿದ ಭಾಗ ಅಳಿಸಿಹೋಗಿ ‘ಆರ್.ಕೆ.’ ಮಾತ್ರ ಉಳಿದಿದ್ದರೆ, ಸಹಿ ಯಾರದೆಂದು ಅದರ ಬಲದಿಂದಲೇ ಹೇಳುವುದು ಸಾಧುವಲ್ಲ. ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್ ಸಹೋದರರಲ್ಲಿ ಎರಡನೆಯ ಅಕ್ಷರ ಬದಲಾಗಿರುವುದರಿಂದ ಅಷ್ಟರ ಮಟ್ಟಿಗೆ ಗೊಂದಲ ಕಡಿಮೆ.

ಕಾಗುಣಿತದ ವ್ಯತ್ಯಾಸವೂ ಗಮನಾರ್ಹ. ಈ ಸಹೋದರರ ಜೋಡಿ ಕಛೇರಿಗಳ ಪ್ರಕಟಣೆಗಳಲ್ಲಿ ‘ರುದ್ರಪಟ್ನಂ’ ಎಂಬ ರೂಪ ಬಳಕೆಯಲ್ಲಿದೆ. ‘ಅರ್ಥಶಾಸ್ತ್ರ’ದ ಸಂಪಾದಕ ಆರ್. ಶಾಮಶಾಸ್ತ್ರಿ (1868–1944) ಅವರ ಹೆಸರು ಮುದ್ರಿತ ಉಲ್ಲೇಖಗಳಲ್ಲಿ ಶಾಮಶಾಸ್ತ್ರಿ, ಶ್ಯಾಮಶಾಸ್ತ್ರಿ, ಶಾಮ ಶಾಸ್ತ್ರಿ ಎಂದು ಬಗೆಬಗೆಯಾಗಿದೆ. ಅಚ್ಚಿನ ರೂಪ ಸಂಪಾದಕರದೋ ಮೊಳೆ ಜೋಡಿಸುವವರದೋ ಆಗಿರಬಹುದು. ಕೈಬರಹದ ಸಹಿಗೆ ಆ ಶಂಕೆ ತಟ್ಟುವುದಿಲ್ಲ. ಸಹಿಯ ಸಾಕ್ಷ್ಯ ಹೆಚ್ಚು ಬಲವಾಗಿರುವುದು ಬಹುಶಃ ಈ ಒಂದು ಅಂಶದಲ್ಲಿ.

3. ಕಾಲನಿರ್ಣಯ

ತಾರೀಖಿಲ್ಲದ ಸಹಿಗೆ ಕಾಗದವೇ ಹಿಂದಿನ ಮಿತಿಯನ್ನು ಒದಗಿಸಬಲ್ಲದು.

(ಅ) ಶಾಮಶಾಸ್ತ್ರಿಗಳು ಸಂಪಾದಿಸಿದ ‘ಅರ್ಥಶಾಸ್ತ್ರ’ದ ಮೂಲಪಾಠ 1909ರಲ್ಲಿ, ಪೂರ್ಣ ಇಂಗ್ಲಿಷ್ ಅನುವಾದ 1915ರಲ್ಲಿ ಪುಸ್ತಕರೂಪದಲ್ಲಿ ಹೊರಬಂದವು. ಅನುವಾದದ ಪ್ರತಿಯ ಮೇಲಿನ ಸಹಿ 1915–1944ರ ನಡುವಿನದು. ಮುದ್ರಣದ ವರ್ಷವನ್ನೇ ಸಹಿಯ ವರ್ಷವೆಂದು ಗ್ರಹಿಸಲಾಗದು.

(ಆ) ಶ್ರೀಕಂಠನ್ ಅವರಿಗೆ ಮದ್ರಾಸ್ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಸಂದದ್ದು 1995ರ ಸಾಲಿನಲ್ಲಿ. ಪ್ರದಾನ ನಡೆಯುವುದು ವಾಡಿಕೆಯಂತೆ ಜನವರಿ 1ರಂದು; ಹೀಗಾಗಿ 1995, 1996 ಎಂಬ ಎರಡೂ ಉಲ್ಲೇಖಗಳು ಬರುವುದು ಸಂಭವನೀಯ. ಪದ್ಮಭೂಷಣ 2011ರದು. ಈ ಬಿರುದುಗಳು ಅಚ್ಚಾದ ಆಹ್ವಾನಪತ್ರ ಆಯಾ ವರ್ಷಕ್ಕಿಂತ ಹಿಂದಿನದಾಗಿರದು.

(ಇ) ಅಂಚೆ ಕಾರ್ಡಿನ ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. ಇಲ್ಲದಿದ್ದರೆ ಏನೂ ಸಿದ್ಧವಾಗುವುದಿಲ್ಲ. ‘ಮೈಸೂರು ರಾಜ್ಯ’ ಎಂಬ ಬರಹ 1973ರ ನವೆಂಬರ್ 1ಕ್ಕಿಂತ ಹಿಂದಿನ ಕಾಲವನ್ನು ಸೂಚಿಸಬಹುದು. ಆದರೆ ಹಳೆಯ ರೂಢಿ ಕೆಲಕಾಲ ಉಳಿಯುವುದರಿಂದ ಅದು ಖಚಿತ ಮಿತಿಯಲ್ಲ.

4. ನೆನಪಿನ ಸ್ಥಾನ

ಆಟೋಗ್ರಾಫ್ ಪುಸ್ತಕದ ಪೂರ್ವರೂಪಗಳಲ್ಲಿ 16ನೆಯ ಶತಮಾನದ ವಿಟ್ಟೆನ್‌ಬರ್ಗ್ ವಿದ್ಯಾರ್ಥಿಗಳ ಸ್ನೇಹಪುಸ್ತಕ ಒಂದು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸುವವರು ಬರೆಸಿಕೊಳ್ಳುವ ಬಣ್ಣದ ಹಾಳೆಗಳ ಪುಸ್ತಕ ಅದಕ್ಕೆ ಸಮೀಪದ್ದು. ಇನ್ನೊಂದು ಬಗೆ, ಗಣ್ಯರ ಸಹಿ ಪಡೆಯುವುದು. ಗಾಂಧೀಜಿ ಹರಿಜನ ನಿಧಿಗಾಗಿ ಸಹಿಗೆ 5 ರೂಪಾಯಿ ಪಡೆಯುತ್ತಿದ್ದುದು ಸುವಿದಿತ.

ಎರಡರಲ್ಲೂ ಸಂದರ್ಭದ ವಿವರ ಸಹಿಯೊಳಗೆ ಇರುವುದಿಲ್ಲ. ಅದು ಸಂಗ್ರಾಹಕರ ನೆನಪಿನಲ್ಲಿರುತ್ತದೆ. ಯಾವ ಸಭೆ, ಯಾವ ಕಛೇರಿ, ಪಕ್ಕವಾದ್ಯ ಯಾರದು ಎಂಬ ಹೇಳಿಕೆಗಳು ಬಹುಮಟ್ಟಿಗೆ ಮೌಖಿಕ. ಅವನ್ನು ತಳ್ಳಿಹಾಕಬೇಕಿಲ್ಲ, ಆದರೆ ಆಹ್ವಾನಪತ್ರ, ಪತ್ರಿಕಾ ವರದಿ ಅಥವಾ ಆಕಾಶವಾಣಿ ದಾಖಲೆಯೊಂದಿಗೆ ತಾಳೆಯಾಗುವವರೆಗೆ ಪ್ರತ್ಯೇಕ ಶ್ರೇಣಿಯಲ್ಲಿಡುವುದು ಯುಕ್ತ.

5. ನಿಲುವು

ಸಹಿಯು ವ್ಯಕ್ತಿಯ ನಾಮರೂಪಕ್ಕೆ ಪ್ರಬಲ ಸಾಕ್ಷ್ಯ, ಕಾಲಕ್ಕೆ ಪರೋಕ್ಷ ಸಾಕ್ಷ್ಯ, ಸಂದರ್ಭಕ್ಕೆ ದುರ್ಬಲ ಸಾಕ್ಷ್ಯ ಎಂದು ತಾತ್ಕಾಲಿಕವಾಗಿ ಹೇಳಬಹುದು. ಸಂಗ್ರಹವಿರುವವರು ಪ್ರತಿ ಪುಟದ ಹಿಂಬದಿಯಲ್ಲಿ ತಾರೀಖು, ಸ್ಥಳ, ಸಹಿ ಪಡೆದವರ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿಡಬೇಕು. ನೆನಪಿನಿಂದ ಬರೆದದ್ದಾದರೆ ಹಾಗೆಂದೇ ಸೂಚಿಸಬೇಕು. ಹಾಳೆಗಳನ್ನು ಬಿಡಿಯಾಗಿ ಕತ್ತರಿಸಬಾರದು.